ತಲೆಕೆಳಗಾಗಿ ನೇತುಹಾಕಿದ ಕತ್ತರಿ

ಚುಂಚೊನ್ ಊರಿನಲ್ಲಿ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದ ಮಾ ದೊಕ್ಸು ಒಮ್ಮೆಯೂ ಕೆಂಪು ದೀಪ ದಾಟಿದವನಲ್ಲ. ರಸ್ತೆಯಲ್ಲಿ ನರಪಿಳ್ಳೆ ಇಲ್ಲದ ನಸುಕಿನಲ್ಲೂ ದೀಪ ಹಸಿರಾಗುವ ತನಕ ಕೈಕಟ್ಟಿ ಕೂರುತ್ತಿದ್ದ. ಯಾರೋ ಸೀಟಿನಲ್ಲಿ ಬಿಟ್ಟುಹೋದ ಒಂಟಿ ಕೈಗವಸನ್ನೂ ಡಿಪೋಗೆ ಒಪ್ಪಿಸಿ ಬರುತ್ತಿದ್ದ. ಅಂಥವನು ಅರವತ್ತೆಂಟನೆಯ ವಯಸ್ಸಿನಲ್ಲಿ, ಮಾರ್ಚ್ ತಿಂಗಳ ಒಂದು ಸಂಜೆ, ಜನ ಕಿಕ್ಕಿರಿದ ಹೋಟೆಲಿನಲ್ಲಿ ಕೂತು ಒಂದು ಕತ್ತರಿ ಕದ್ದ.

ಕದಿಸಿದವಳು ಹೆಂಡತಿ ಮಾಲ್ಸುನ್. ಅವಳ ಮಂಡಿ ಎಂದರೂ ತಪ್ಪಿಲ್ಲ. ಅವರ ಮನೆ ಇದ್ದದ್ದು ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಐದನೆಯ ಮಹಡಿಯಲ್ಲಿ. ಮಂಡಿಗಳೆರಡೂ ಸವೆದುಹೋದ ಮೇಲೆ ಮಾಲ್ಸುನ್ ಮೆಟ್ಟಿಲಿಗೆ ಬೆನ್ನು ಕೊಟ್ಟು, ಎಳೆಯ ಮಕ್ಕಳು ಮಂಚದಿಂದ ಇಳಿಯುವ ಹಾಗೆ, ಹಿಂದುಹಿಂದಾಗಿ ಇಳಿಯುತ್ತಿದ್ದಳು. ದೊಕ್ಸು ಪ್ಲಾಸ್ಟಿಕ್ ಸ್ಟೂಲು ಹಿಡಿದುಕೊಂಡು ಕೆಳಗಿನ ಮೆಟ್ಟಿಲಲ್ಲಿ ಕಾಯುತ್ತಿದ್ದ. ಆಸ್ಪತ್ರೆಗಲ್ಲದೆ ಬೇರೆಲ್ಲಿಗೂ ಅವಳು ಇಳಿಯುವುದು ನಿಂತುಹೋಯಿತು. ಕೆಳಗಿನ ಮಾರುಕಟ್ಟೆಯಲ್ಲಿ ಮೀನಿನವಳು ಕೂಗುವುದು ಕಿಟಕಿಯಿಂದ ಕೇಳಿಸುತ್ತಿತ್ತು. ಅವಳ ಜೊತೆ ಚೌಕಾಸಿ ಮಾಡುವುದೇ ಮಾಲ್ಸುನ್‌ಗೆ ಬದುಕಿನಲ್ಲಿ ದೊಡ್ಡ ಖುಷಿಯಾಗಿತ್ತು. ಈಗ ದೊಕ್ಸು ಹೋಗಿ ಕೇಳಿದಷ್ಟು ಕೊಟ್ಟು ಮೀನು ತರುತ್ತಿದ್ದ. ಅವಳಿಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮಾರುಕಟ್ಟೆಯ ಪಕ್ಕದಲ್ಲೇ ನೆಲಮಹಡಿಯ ಒಂದು ಪುಟ್ಟ ಮನೆ ಮಾರಾಟಕ್ಕಿತ್ತು. ಬಾಗಿಲ ಮುಂದೆ ಈರುಳ್ಳಿ ಹಾಕುವಷ್ಟು ಮಣ್ಣು, ಹೊಸ್ತಿಲು ದಾಟಿದರೆ ರಸ್ತೆ. ಅದರ ಒಡತಿ ಒಳ್ಳೆಯವಳು. "ಏಪ್ರಿಲ್‌ನಲ್ಲಿ ಚೆರ್ರಿ ಹೂ ಉದುರೋ ತನಕ ಕಾಯ್ತೀನಿ, ಆಮೇಲೆ ನನ್ನ ಕೈಲಾಗಲ್ಲ" ಎಂದಿದ್ದಳು. ಅದನ್ನು ಕೊಳ್ಳಬೇಕಾದರೆ ಈ ಐದನೆಯ ಮಹಡಿಯ ಮನೆ ಮಾರಾಟವಾಗಬೇಕು, ಅದೂ ಬೆಲೆ ತಗ್ಗದೆ. ಶರತ್ಕಾಲವಿಡೀ, ಚಳಿಗಾಲವಿಡೀ ಜನ ಬಂದರು. ಏದುಸಿರು ಬಿಡುತ್ತಾ ಹತ್ತಿದರು, ಬಾಗಿಲಲ್ಲಿ ನಿಂತು ಕತ್ತು ಚಾಚಿದರು, "ಚೆನ್ನಾಗಿದೆ" ಎಂದರು, ಹೋದರು. ಚೆನ್ನಾಗಿದೆ ಎಂದವರು ಯಾರೂ ತಿರುಗಿ ಬರಲಿಲ್ಲ.

ಆಗ ನಾಲ್ಕನೆಯ ಮಹಡಿಯಾಕೆ ಮಾಲ್ಸುನ್ ಕಿವಿಯಲ್ಲಿ ಊದಿದಳು. ಗಿರಾಕಿಗಳು ಸಾಲುಗಟ್ಟಿ ನಿಲ್ಲುವ ಹೋಟೆಲಿನಿಂದ ಕತ್ತರಿ ತಂದು ಬಾಗಿಲ ಬಳಿ ತಲೆಕೆಳಗಾಗಿ ನೇತುಹಾಕಿದರೆ ಮನೆ ಬಿಕರಿಯಾಗುತ್ತದೆ, ಆದರೆ ಕೇಳಿ ತಂದದ್ದಾಗಲಿ ಕೊಂಡು ತಂದದ್ದಾಗಲಿ ನಡೆಯುವುದಿಲ್ಲ, ಕದ್ದೇ ತರಬೇಕು ಎಂದು.

"ನಾನಾ? ಕದಿಯೋದಾ?" ಎಂದ ದೊಕ್ಸು.

"ಇನ್ಯಾರು, ನಾನು ಹಿಂದುಹಿಂದಾಗಿ ಇಳಿದು ಹೋಗಿ ಕದ್ದು ಬರ್ಲಾ? ಪೊಲೀಸ್ರು ಹಿಡಿಯೋಕೆ ಮುಂಚೆ ಮೂರನೇ ಮಹಡಿಗೆ ಹತ್ತಿರ್ತೀನಾ ನಾನು?"

ಹೀಗೆ ದೊಕ್ಸು ಹ್ವಾಜಾ ಎಂಬಾಕೆಯ ದಕ್‌ಗಲ್ಬಿ ಹೋಟೆಲಿಗೆ ಹೋದ. ಮೇಜಿನ ನಡುವಿನ ದುಂಡು ಕಾವಲಿಯಲ್ಲಿ ಖಾರದ ಕೋಳಿ, ಎಲೆಕೋಸು, ಗೆಣಸು ಕಣ್ಣೆದುರೇ ಹುರಿಯುವ ಜಾಗ ಅದು. ಪ್ರತಿ ಮೇಜಿಗೂ ಕೋಳಿ ಕತ್ತರಿಸಲು ಒಂದು ಕತ್ತರಿ. ಅವನು ಅಲ್ಲಿ ಯಾವಾಗಲೂ ಹೆಂಡತಿಗೆಂದು ಪಾರ್ಸೆಲ್ ಕಟ್ಟಿಸಿಕೊಂಡು ಬರುತ್ತಿದ್ದವನು, ಒಬ್ಬನೇ ಕೂತು ತಿಂದವನಲ್ಲ. ಒಬ್ಬರ ಪಾಲನ್ನು ಅಲ್ಲಿ ಹುರಿಯುವುದೂ ಇಲ್ಲ. ಹಾಗಾಗಿ ಕಳ್ಳ ಮೊದಲು ಇಬ್ಬರ ಪಾಲು ಮುಗಿಸಬೇಕಾಯಿತು. ಬೆವರಿದ್ದು ಖಾರಕ್ಕೋ ಭಯಕ್ಕೋ ಅವನಿಗೇ ತಿಳಿಯಲಿಲ್ಲ. ಕೊನೆಗೆ ಕಣ್ಣು ಮುಚ್ಚಿ ಕತ್ತರಿಯನ್ನು ಕೋಟಿನ ಒಳಜೇಬಿಗೆ ಇಳಿಬಿಟ್ಟ. ಎದ್ದ. ಕಾಲು ಬಾಗಿಲ ಕಡೆ ಹೋಗಲೊಲ್ಲದು. ಮತ್ತೆ ಕೂತ. ಕತ್ತರಿಯ ಬೆಲೆಯೆಂದು ಜೇಬಿನಿಂದ ಐದು ಸಾವಿರ ವಾನ್ ನೋಟು ತೆಗೆದು ಲೆಟಿಸ್ ಎಲೆಯ ಬುಟ್ಟಿಯ ಕೆಳಗಿಟ್ಟು, ಊಟದ ದುಡ್ಡು ಗಲ್ಲಾದಲ್ಲಿ ಕೊಟ್ಟು, ಆಮೇಲೆ ಓಡಿದ.

ಮನೆಗೆ ಬಂದು ಇದನ್ನೂ ಹೇಳಿಬಿಟ್ಟ. ಹೇಳದೆ ಇರಲು ಅವನಿಗೆ ಬರುತ್ತಿರಲಿಲ್ಲ.

ಮಾಲ್ಸುನ್ ತಲೆ ಚಚ್ಚಿಕೊಂಡಳು. "ದುಡ್ಡು ಇಟ್ಟು ಬಂದ್ರಾ? ಅಯ್ಯೋ ನಿಮ್ಮ! ಅದು ಕದ್ದಿದ್ದು ಹೇಗಾಗುತ್ರೀ? ಕೊಂಡುಕೊಂಡ ಹಾಗಾಯ್ತು!"

"ಅವರು ಮಾರಿಲ್ವಲ್ಲ. ಅರ್ಧ ಕದ್ದ ಹಾಗೆ."

"ಅರ್ಧ ಕದ್ರೆ ಅರ್ಧ ಮನೆ ಮಾರಾಟ ಆಗುತ್ತೆ. ಇನ್ನರ್ಧದಲ್ಲಿ ನಾನು ಕೂತಿರ್ತೀನಿ." ಹಾಗೆಂದರೂ ತಾನೇ ಕೆಂಪು ದಾರ ಹುಡುಕಿ ಕೊಟ್ಟಳು. ಕತ್ತರಿ ಬಾಗಿಲ ಪಕ್ಕದಲ್ಲಿ ತಲೆಕೆಳಗಾಗಿ ನೇತಾಡಿತು. ಹಿಡಿಕೆಗೆ ಹೋಟೆಲಿನವರು ಸುತ್ತಿದ್ದ ನೀಲಿ ಟೇಪು ದೂರಕ್ಕೆ ಕಾಣುತ್ತಿತ್ತು.

ಒಂದು ವಾರ ಯಾರೂ ಬರಲಿಲ್ಲ. ಬಂದವಳು ಮಾಲ್ಸುನ್‌ಳ ತಂಗಿಯ ಮಗಳು ಸೊಲ್ಹಿ. ಮಾರಾಟಕ್ಕಿಟ್ಟ ಮನೆಗಳನ್ನು ಸಿಂಗರಿಸಿಕೊಡುವುದೇ ಅವಳ ಕಸುಬು. ಮಾತು ಚುರುಕು, ಕೈ ಇನ್ನೂ ಚುರುಕು. ದೊಡ್ಡಮ್ಮನ ಮನೆ ಇಷ್ಟು ದಿನದಿಂದ ಬಿದ್ದಿದೆಯೆಂದು ತನಗೆ ಯಾರೂ ಹೇಳಲಿಲ್ಲವೆಂದು ಬಾಗಿಲಲ್ಲೇ ಜಗಳ ತೆಗೆದಳು. ಕೂಲಿ ಬೇಡ, ಮನೆ ಮಾರಿಹೋದ ಮೇಲೆ ಹೊಟ್ಟೆ ತುಂಬ ದಕ್‌ಗಲ್ಬಿ ಕೊಡಿಸಿದರೆ ಸಾಕು ಎಂದಳು. ದಕ್‌ಗಲ್ಬಿ ಎನ್ನುತ್ತಲೂ ದೊಕ್ಸುವಿನ ಮುಖ ಬಿಳಿಚಿತು. ಆ ಹೋಟೆಲಿನ ಬೀದಿಯನ್ನೇ ಅವನು ತುಳಿಯುವುದು ಬಿಟ್ಟಿದ್ದ.

ಸೊಲ್ಹಿ ಒಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ದೊಡ್ಡಪ್ಪ, ಈ ವ್ಯಾಯಾಮದ ಸೈಕಲ್ ಯಾರು ತುಳೀತಾರೆ?"

"ಮಂಡಿಗೆ ಒಳ್ಳೇದು ಅಂತ ಡಾಕ್ಟ್ರು ಹೇಳಿದ್ದಾರೆ. ನಿಮ್ಮ ದೊಡ್ಡಮ್ಮನಿಗೆ."

"ಅದರ ಮೇಲೆ ಪ್ಯಾಂಟು ಒಣಗಿಸೋಕೂ ಡಾಕ್ಟ್ರೇ ಹೇಳಿದ್ರಾ?"

ಪ್ಯಾಂಟು ಹೋಯಿತು, ಸೈಕಲ್ಲು ಹೋಯಿತು. ಬ್ಯಾಂಕಿನ ಕ್ಯಾಲೆಂಡರು, ಬಸ್ ಕಂಪನಿಯವರು ಕೊಟ್ಟ ಗಡಿಯಾರ, ಮೊಮ್ಮಗ ಹುಟ್ಟಿದ ನೂರನೆಯ ದಿನದ ಸಮಾರಂಭದ ಫೋಟೋ ಎಲ್ಲವೂ ಪೆಟ್ಟಿಗೆ ಸೇರಿ ಸೊಲ್ಹಿಯ ಗೋದಾಮಿಗೆ ಹೊರಟವು. ಮೊಮ್ಮಗನ ಫೋಟೋ ಇಳಿಸುವಾಗ ಮಾಲ್ಸುನ್ ಮುಖ ಊದಿಸಿಕೊಂಡಳು. "ಇದೇನೇ, ನಾವು ಸತ್ತುಹೋದ ಹಾಗೆ ಎಲ್ಲಾ ತೆಗೀತಿದ್ದೀಯಾ!"

"ದೊಡ್ಡಮ್ಮ, ಬರೋರು ನಿಮ್ಮನ್ನ ನೋಡೋಕೆ ಬರಲ್ಲ. ತಾವು ಇಲ್ಲಿ ಹೇಗಿರ್ತೀವಿ ಅಂತ ನೋಡ್ಕೊಳ್ಳೋಕೆ ಬರ್ತಾರೆ. ಮೂಲೆಮೂಲೇಲೂ ನೀವೇ ಕೂತಿದ್ರೆ ಅವರು ಎಲ್ಲಿ ಕೂರ್ಬೇಕು?"

ಆಮೇಲೆ ಕಿಮ್ಚಿ ಫ್ರಿಜ್ಜು, ಎಲೆಕೋಸಿನ ಉಪ್ಪಿನಕಾಯಿ ಇಡುವುದಕ್ಕೆಂದೇ ಇದ್ದದ್ದು. ಅದು ವರ್ಷಗಟ್ಟಲೆಯಿಂದ ಹಜಾರದ ಕಿಟಕಿಯನ್ನು ಅರ್ಧ ಮುಚ್ಚಿಕೊಂಡು ಸಾಹುಕಾರನ ಗತ್ತಿನಲ್ಲಿ ನಿಂತಿತ್ತು. ಸೊಲ್ಹಿಯ ಕೆಲಸದವರು ಅದನ್ನು ಹಿಂದಿನ ಬಾಲ್ಕನಿಗೆ ತಳ್ಳುತ್ತಲೂ ಬೆಳಕು ಹಜಾರದ ಗೋಡೆಯ ತನಕ ನುಗ್ಗಿತು. ನೆಲ ಜೇನಿನ ಬಣ್ಣದ್ದೆಂದು ದೊಕ್ಸುವಿಗೆ ಮರೆತೇಹೋಗಿತ್ತು. ಕಿಟಕಿಯಲ್ಲಿ ಪೊಂಗಿ ಬೆಟ್ಟ ಪೂರ್ತಿಯಾಗಿ ಕಾಣಿಸಿತು. ಸೊಲ್ಹಿ ಆ ಕಿಟಕಿಗೆ ತೆಳ್ಳನೆಯ ಬಿಳಿ ಪರದೆ ಕಟ್ಟಿ, ತನ್ನ ಗೋದಾಮಿನಿಂದ ತಂದ ಒಂದು ದುಂಡು ಮೇಜನ್ನೂ ಎರಡು ಕುರ್ಚಿಗಳನ್ನೂ ಅಲ್ಲಿ ಹಾಕಿದಳು. ಕಣ್ಣು ಚುಚ್ಚುವ ಟ್ಯೂಬ್‌ಲೈಟು ಕಿತ್ತು ಹಳದಿ ದೀಪ ಹಾಕಿಸಿದಳು. ಬಾಗಿಲ ಒಳಗೆ, ಚಪ್ಪಲಿ ಬಿಡುವ ಕಡೆ, ಒಂದು ಗಿಡ್ಡ ಬೆಂಚು ಇಟ್ಟಳು.

"ಇದು ಯಾಕೆ?" ದೊಕ್ಸು ಕೇಳಿದ.

"ಐದು ಮಹಡಿ ಹತ್ತಿ ಬಂದೋರು ಮೊದಲು ಕೂರ್ಬೇಕು, ದೊಡ್ಡಪ್ಪ. ಕೂತರೆ ಸಿಟ್ಟು ಇಳಿಯುತ್ತೆ. ತಲೆ ಎತ್ತಿದ ಕೂಡ್ಲೆ ಬೆಳಕು ಕಾಣ್ಬೇಕು, ಬೆಟ್ಟ ಕಾಣ್ಬೇಕು. ಹತ್ತಿದ್ದು ಸಾರ್ಥಕ ಆಯ್ತು ಅನ್ನಿಸ್ಬೇಕು. ಇಷ್ಟು ದಿನ ಹತ್ತಿದೋರಿಗೆ ಏನು ಕಾಣಿಸ್ತಿತ್ತು? ಫ್ರಿಜ್ಜಿನ ಬೆನ್ನು."

ದೊಕ್ಸು ಬೆಂಚಿನ ಮೇಲೆ ಕೂತು ತಲೆ ಎತ್ತಿ ನೋಡಿದ. ನಿಜಕ್ಕೂ ಬೆಟ್ಟ ಕಾಣಿಸಿತು. ಹುಡುಗಿ ಬುದ್ಧಿವಂತೆ, ಈ ಸಲ ಕೆಲಸ ಆಗುತ್ತದೆ ಎಂದು ಮೊದಲ ಬಾರಿಗೆ ಅವನ ಎದೆ ಹಗುರಾಯಿತು.

ಅಷ್ಟರಲ್ಲಿ ಸೊಲ್ಹಿಯ ಕಣ್ಣಿಗೆ ಕತ್ತರಿ ಬಿತ್ತು. ದಾರ ಕಿತ್ತು ಕೈಯಲ್ಲಿ ಹಿಡಿದು, "ಇದನ್ನ ನೋಡಿದ್ರೆ ಬಂದೋರಿಗೆ ಏನು ಗೊತ್ತಾಗುತ್ತೆ ಹೇಳಿ?" ಎಂದಳು. "ಮನೆ ಬಿಕರಿಯಾಗದೆ ಕೊಳೀತಿದೆ, ಮುದುಕರು ಕಂಗೆಟ್ಟಿದ್ದಾರೆ, ಬೆಲೆ ಎಷ್ಟು ಬೇಕಾದ್ರೂ ಜಗ್ಗಬಹುದು ಅಂತ! ನಾನಿಷ್ಟೆಲ್ಲಾ ಮಾಡೋದು ಯಾಕೆ? ನಿಮಗೆ ಈ ಮನೆ ಬಿಡೋ ದರ್ದೇ ಇಲ್ಲ ಅನ್ನೋ ಹಾಗೆ ಕಾಣ್ಲಿ ಅಂತ. ಬೆಲೆ ಇಳೀತೋ, ಕೆಳಗಿನ ಮನೆ ಕೈ ತಪ್ಪಿತು ಅಂತಲೇ ಲೆಕ್ಕ."

ಕತ್ತರಿಯನ್ನು ಅಡುಗೆಮನೆಯ ಡ್ರಾಯರಿನೊಳಗೆ ತಳ್ಳಿ, ಭಾನುವಾರ ಜನ ಬರುವ ತನಕ ಮನೆಯಲ್ಲಿ ಬಂಗಡೆ ಮೀನು ಸುಡಕೂಡದೆಂದು ತಾಕೀತು ಮಾಡಿ ಹೊರಟಳು. ಹೊರಡುವಾಗ ಚಪ್ಪಲಿ ಕಪಾಟನ್ನೂ ಬಿಡಲಿಲ್ಲ. ನಾಲ್ಕು ಜೊತೆ ಮಾತ್ರ ಉಳಿಸಿ, ವಾಸನೆ ಹೋಗಲೆಂದು ಒಂದು ಬಟ್ಟಲು ಒಣ ಕಾಫಿ ಗಷ್ಟು ಇಟ್ಟಳು. "ಬಂದೋರು ಇದನ್ನ ತೆಗೆದು ನೋಡೇ ನೋಡ್ತಾರೆ" ಎಂದೂ ಹೇಳಿದಳು.

ಅವಳು ಮೆಟ್ಟಿಲಿಳಿದದ್ದೇ ತಡ, ಮಾಲ್ಸುನ್ ಗಂಡನಿಗೆ ಕಣ್ಸನ್ನೆ ಮಾಡಿದಳು. "ತಗೊಂಡು ಬನ್ನಿ. ಸಿಂಗಾರ ಅದರ ಪಾಡಿಗೆ ಇರ್ಲಿ, ಕತ್ತರಿ ಅದರ ಪಾಡಿಗೆ ಇರ್ಲಿ. ಯಾರಿಗೂ ಕಾಣದ ಹಾಗೆ ಹಾಕಿ."

ಯಾರಿಗೂ ಕಾಣದ ಜಾಗ ಎಂದು ದೊಕ್ಸು ಎಲ್ಲಾ ಹುಡುಕಿದ. ಮನೆಯಲ್ಲಿ ಈಗ ಏನೂ ಉಳಿದಿರಲಿಲ್ಲ, ಬಚ್ಚಿಡಲು ಒಂದು ಮೂಲೆಯೂ ಇರಲಿಲ್ಲ. ಬಾಗಿಲಿನ ಹತ್ತಿರವೇ ಇರಬೇಕು ಬೇರೆ. ಸೊಲ್ಹಿ ಹೇಳಿದ್ದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗಿತ್ತೋ ಏನೋ, ಆ ಮಹಾನುಭಾವ ಕತ್ತರಿಯನ್ನು ಚಪ್ಪಲಿ ಕಪಾಟಿನ ಬಾಗಿಲ ಒಳಮೈಗೆ ನೇತುಹಾಕಿದ.

ಭಾನುವಾರ ಮಧ್ಯಾಹ್ನ ದಲ್ಲಾಳಿಯ ಫೋನು ಬಂತು. ಮದುವೆಯಾಗಲಿರುವ ಹುಡುಗಿಯೊಬ್ಬಳು ತಾಯಿಯ ಜೊತೆ ಬರುತ್ತಿದ್ದಾಳೆ. ಸೊಲ್ಹಿ ಮೊದಲೇ ಬಂದು ಕಿಟಕಿ ತೆರೆದು, ಬಾರ್ಲಿ ಟೀ ಕುದಿಯಲಿಟ್ಟು, ದೊಡ್ಡಪ್ಪನ ಕಾಲರು ಸರಿಮಾಡಿ ನಿಂತಿದ್ದಳು. ಮೊದಲು ಹತ್ತಿ ಬಂದವಳು ಹುಡುಗಿ ಬೊಮಿ. ಶಾಲೆಯಲ್ಲಿ ಈಜು ಕಲಿಸುವವಳಂತೆ, ಐದು ಮಹಡಿ ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಹಿಂದೆ ಏದುಸಿರು ಬಿಡುತ್ತಾ, ಕಂಬಿ ಹಿಡಿದು, ಕಟ್ಟಡ ಕಟ್ಟಿದವನ ಮುತ್ತಾತನಿಗೂ ಬೈಯುತ್ತಾ ಬಂದವಳು ತಾಯಿ.

ದೊಕ್ಸುವಿನ ಜೀವ ಬಾಯಿಗೆ ಬಂತು. ಅದು ಹ್ವಾಜಾ, ದಕ್‌ಗಲ್ಬಿ ಹೋಟೆಲಿನ ಒಡತಿ.

ಅವಳು ಗಿಡ್ಡ ಬೆಂಚಿನ ಮೇಲೆ ದೊಪ್ಪನೆ ಕೂತಳು. ತಲೆ ಎತ್ತಿದಳು. ಬೆಟ್ಟ ನೋಡಿದಳು, ಬೈಗುಳ ಅರ್ಧಕ್ಕೆ ನಿಂತಿತು. ಆಮೇಲೆ ದೊಕ್ಸುವನ್ನು ನೋಡಿದಳು. "ಅರೆ, ಪಾರ್ಸೆಲ್ ಯಜಮಾನ್ರು! ಇದು ನಿಮ್ಮ ಮನೇನಾ? ಈಚೆಗೆ ಕಾಣ್ಲೇ ಇಲ್ಲ ನೀವು. ಕೋಳಿ ಸಾಕಾಯ್ತಾ?"

"ಇಲ್ಲ... ಹೊಟ್ಟೆ ಸ್ವಲ್ಪ ಸರಿಯಿರ್ಲಿಲ್ಲ" ಎಂದ ದೊಕ್ಸು, ಚಪ್ಪಲಿ ಕಪಾಟಿಗೆ ಬೆನ್ನು ಅಂಟಿಸಿಕೊಂಡು.

ಒಳಗೆ ಬೊಮಿ ಆಗಲೇ ಕಿಟಕಿಯ ಮೇಜಿನ ಮುಂದೆ ಕೂತಿದ್ದಳು. ಎರಡೂ ಅಂಗೈಯನ್ನು ಮೇಜಿನ ಮೇಲಿಟ್ಟು, "ಅಮ್ಮಾ, ಬಾ ಇಲ್ಲಿ. ಬೆಳಿಗ್ಗೆ ಇಲ್ಲಿ ಕೂತು ಕಾಫಿ ಕುಡಿದು ಸ್ಕೂಲಿಗೆ ಹೋಗ್ಬಹುದು, ನೋಡು!" ಎಂದಳು. ಈಗಾಗಲೇ ಎಷ್ಟೋ ಬೆಳಿಗ್ಗೆಗಳನ್ನು ಅಲ್ಲಿ ಕಳೆದವಳ ದನಿ ಅದು. ಸೊಲ್ಹಿ ಗೋಡೆಯ ಕಡೆ ತಿರುಗಿ ಸದ್ದಿಲ್ಲದೆ ನಕ್ಕಳು.

ತಾಯಿ ಅಷ್ಟು ಸುಲಭದವಳಲ್ಲ. ಗೋಡೆ ತಟ್ಟಿದಳು, ನಲ್ಲಿ ತಿರುಗಿಸಿದಳು, ಪಾಯಖಾನೆಯ ನೀರು ಬಿಟ್ಟು ಕಿವಿಗೊಟ್ಟಳು. "ಮೇಜು ನಾಳೆ ಹೋಗುತ್ತೆ ಕಣೇ. ಗೋಡೆ ಉಳಿಯುತ್ತೆ. ಇದು ತೋರಿಸೋಕೆ ಅಂತ ಒಪ್ಪ ಮಾಡಿದ ಮನೆ, ನನಗೆ ಗೊತ್ತಾಗಲ್ವಾ? ಒಪ್ಪ ಇದ್ದಷ್ಟೂ ಅದರ ಹಿಂದೆ ಏನಿದೆ ಅಂತ ನೋಡ್ಬೇಕು" ಎನ್ನುತ್ತಾ ಬಾಗಿಲಿಗೆ ಮರಳಿದಳು. "ಸ್ವಲ್ಪ ಸರೀರಿ ಯಜಮಾನ್ರೇ. ಚಪ್ಪಲಿ ಕಪಾಟು ನೋಡ್ಬೇಕು."

"ಅದರಲ್ಲಿ ಏನಿಲ್ಲ. ಚಪ್ಪಲಿ."

"ಚಪ್ಪಲಿ ಇರುತ್ತೆ ಅಂತ ಗೊತ್ತು. ಸರೀರಿ."

ದೊಕ್ಸು ಸರಿದ. ಕಪಾಟಿನ ಬಾಗಿಲು ತೆರೆಯಿತು. ಕತ್ತರಿ ಕೆಂಪು ದಾರದಲ್ಲಿ ಅತ್ತಿತ್ತ ತೂಗಾಡಿ, ನೀಲಿ ಟೇಪಿನ ಹಿಡಿಕೆಯನ್ನು ಹ್ವಾಜಾಳ ಮೂಗಿಗೇ ತೋರಿಸಿ ನಿಂತಿತು. ಸೊಲ್ಹಿ ಕಣ್ಣು ಮುಚ್ಚಿಕೊಂಡಳು. ಬೆಲೆ ಮೆಟ್ಟಿಲಿಳಿದು ಹೋಗುವ ಸದ್ದು ಅವಳಿಗೆ ಕೇಳಿಸಿರಬೇಕು.

"ಇದು ನಮ್ಮದು" ಎಂದಳು ಹ್ವಾಜಾ.

ದೊಕ್ಸು ಸೊಂಟದ ತನಕ ಬಾಗಿದ. ಕಿವಿಯೆಲ್ಲ ಕೆಂಪಾಗಿತ್ತು. "ಹೌದು. ನಾನೇ ಕದ್ದಿದ್ದು. ತಪ್ಪಾಯ್ತು ಅಮ್ಮಾವ್ರೇ." ನಾಚಿಕೆಯಿಂದ ಅವನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ನೆಲಮಹಡಿಯ ಮನೆ ತನ್ನ ಕೈಯಿಂದಲೇ ಹೋಯಿತಲ್ಲ ಎಂದು ಬಾಗಿದ ತಲೆ ಎತ್ತಲಿಲ್ಲ.

ಒಳಗಿನಿಂದ ಮಾಲ್ಸುನ್ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಾ ಬಂದಳು. "ಕದ್ದಿದ್ದೆಲ್ಲಿ ಬಂತು? ಕದಿಯೋಕೂ ಬರಲ್ಲ ಈ ಪುಣ್ಯಾತ್ಮನಿಗೆ. ಕಳಿಸಿದ್ದು ನಾನು. ಇವರು ಹೋಗಿ ಎಲೆಬುಟ್ಟಿ ಕೆಳಗೆ ದುಡ್ಡು ಇಟ್ಟು ಬಂದಿದ್ದಾರೆ. ಅದಕ್ಕೇ ಇದು ಕೆಲಸವೂ ಮಾಡ್ಲಿಲ್ಲ!"

ಹ್ವಾಜಾಳ ಬಾಯಿ ತೆರೆದೇ ಇತ್ತು. "ಆ ಐದು ಸಾವಿರದ ನೋಟು ನಿಮ್ಮದಾ?"

"ಹೂಂ" ಎಂದ ದೊಕ್ಸು ನೆಲಕ್ಕೆ.

"ಯಾರಪ್ಪಾ ಇದು, ಎಲೆಗೆ ಟಿಪ್ಸ್ ಕೊಟ್ಟೋರು ಅಂತ ಹೋಟ್ಲೆಲ್ಲಾ ತಲೆ ಕೆಡಿಸ್ಕೊಂಡಿದ್ದು ನಾವು!" ಹ್ವಾಜಾ ಬೆಂಚಿನ ಮೇಲೆ ಕುಸಿದು, ಎದೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಹೇಳಿದಳು: "ಯಜಮಾನ್ರೇ, ಊರಲ್ಲಿ ಯಾವ ಮನೆ ಮಾರಾಟಕ್ಕಿದ್ರೂ ನನ್ನ ಕತ್ತರಿ ಹೋಗುತ್ತೆ. ಡಬ್ಬಗಟ್ಟಲೆ ಕೊಳ್ತೀನಿ. ಯಾರು ಜೇಬಿಗೆ ಹಾಕ್ತಾರೆ ಅಂತ ಗಲ್ಲಾ ಹತ್ರ ಕೂತ್ರೆ ಕಾಣಲ್ವಾ? ಕಂಡ್ರೆ ಬೆನ್ನು ತಿರುಗಿಸ್ತೀನಿ. ನಾನು ನೋಡಿಬಿಟ್ರೆ ಪಾಪ ಅವರ ಕತ್ತರಿ ಕೆಲಸ ಮಾಡಲ್ಲ. ನಿಮ್ಮದು ಮಾತ್ರ ನನಗೆ ಕಾಣ್ಲೇ ಇಲ್ಲ ನೋಡಿ. ಆದ್ರೆ ಇಷ್ಟು ವರ್ಷದಲ್ಲಿ ದುಡ್ಡಿಟ್ಟು ಕದ್ದೋರನ್ನ ಇದೇ ಮೊದಲು ನೋಡಿದ್ದು."

ನಗು ನಿಂತ ಮೇಲೆ ಅವಳು ದೊಕ್ಸುವನ್ನೇ ದಿಟ್ಟಿಸಿದಳು. "ಈಗ ಹೇಳಿ. ಈ ಮನೇಲಿ ಏನು ದೋಷ ಇದೆ?"

ಸೊಲ್ಹಿ ದೊಡ್ಡಪ್ಪನ ಬೆನ್ನ ಹಿಂದೆ ಬಂದು ಅಂಗಿ ಜಗ್ಗಿದಳು. ಜಗ್ಗಿದರೆ ನಿಲ್ಲುವ ಆಸಾಮಿಯೇ?

"ಹಿಂದಿನ ಬಾಲ್ಕನಿ ನಲ್ಲಿ ಜನವರೀಲಿ ಹೆಪ್ಪುಗಟ್ಟುತ್ತೆ. ರಾತ್ರಿ ಸಣ್ಣಗೆ ತೊಟ್ಟಿಕ್ಕೋಕೆ ಬಿಡ್ಬೇಕು. ಚಿಕ್ಕ ರೂಮಿನ ಕಿಟಕಿ ಸರಿಯಾಗಿ ಕೂರಲ್ಲ, ಮೇಲಕ್ಕೆತ್ತಿ ತಳ್ಳಿದ್ರೆ ಕೂರುತ್ತೆ. ಮೂರನೇ ಮಹಡಿಯವರ ನಾಯಿ ಬೊಗಳುತ್ತೆ, ಕಚ್ಚಲ್ಲ." ಸ್ವಲ್ಪ ಯೋಚಿಸಿ, "ಸೋರೋದಿಲ್ಲ. ಒಂದು ಸಲಾನೂ ಸೋರಿಲ್ಲ" ಎಂದು ಸೇರಿಸಿದ.

"ಮತ್ತೆ ಯಾಕೆ ಮಾರ್ತೀರಿ?"

ಮಾಲ್ಸುನ್ ತನ್ನ ಮಂಡಿಯ ಮೇಲೆ ಒಂದು ಏಟು ಹಾಕಿ ತೋರಿಸಿದಳು. ಹ್ವಾಜಾ ಆ ಮಂಡಿಯನ್ನು ನೋಡಿದಳು, ಕಾವಲಿ ಮುಂದೆ ನಿಂತು ನಿಂತು ಊದಿದ ತನ್ನ ಮಂಡಿಯನ್ನೂ ನೋಡಿಕೊಂಡಳು. ಇಬ್ಬರು ಹೆಂಗಸರೂ ಒಟ್ಟಿಗೆ ಉಸ್ಸೆಂದರು.

"ಕತ್ತರಿ ನೋಡ್ತಿದ್ದ ಹಾಗೆ ಬೆಲೆ ಜಗ್ಗಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು" ಎಂದಳು ಹ್ವಾಜಾ ಎದ್ದು ನಿಂತು. "ಈಗ ಬಾಯಿ ಬರಲ್ಲ. ಮಗಳು ಆ ಮೇಜಿಗೆ ಬಿದ್ದಾಯ್ತು, ಅವಳನ್ನ ಎಬ್ಬಿಸೋಕೆ ನನ್ನ ಕೈಲಾಗಲ್ಲ. ನಾನು ಮೇಜಿಗೆ ಬೀಳೋಳಲ್ಲ. ಆದ್ರೆ ಕದ್ದ ಕತ್ತರಿಗೂ ದುಡ್ಡಿಟ್ಟ ಮನುಷ್ಯ ಸೋರೋದಿಲ್ಲ ಅಂದ್ರೆ ಸೋರೋದಿಲ್ಲ. ನೀವು ಹೇಳಿದ ಬೆಲೆಗೇ ಆಗ್ಲಿ. ಒಂದೇ ಮಾತು, ಮೇಜು ಇಲ್ಲೇ ಇರ್ಬೇಕು."

ಮೇಜು ಸೊಲ್ಹಿಯ ಗೋದಾಮಿನ ಅತಿ ಒಳ್ಳೆಯ ಮೇಜು. ಅದು ಎಷ್ಟು ಮನೆಗಳನ್ನು ಮಾರಿಸಿತ್ತೋ. ಅವಳು ದೊಡ್ಡಮ್ಮನ ಮುಖ ನೋಡಿದಳು. ದೊಡ್ಡಮ್ಮ ಅಳುತ್ತಿದ್ದಳು, ಅಳುತ್ತಲೇ ಗಂಡನ ತೋಳು ಗಿಲ್ಲುತ್ತಿದ್ದಳು.

"ತಗೊಳ್ಳಿ, ತಗೊಳ್ಳಿ" ಎಂದಳು ಸೊಲ್ಹಿ. "ಕುರ್ಚಿನೂ ಇಟ್ಕೊಳ್ಳಿ."

ಚೆರ್ರಿ ಹೂ ಇನ್ನೂ ಮರದಲ್ಲೇ ಇರುವಾಗ ಇಬ್ಬರೂ ನೆಲಮಹಡಿಗೆ ಬಂದರು. ಕಿಮ್ಚಿ ಫ್ರಿಜ್ಜನ್ನು ಕಿಟಕಿಯ ಮುಂದೆ ನಿಲ್ಲಿಸಲು ಮಾಲ್ಸುನ್ ಯಾರನ್ನೂ ಬಿಡಲಿಲ್ಲ. ಮೊಮ್ಮಗನ ಫೋಟೋ ಮಾತ್ರ ಹಜಾರದ ನಟ್ಟನಡುವೆ ಮೊದಲ ದಿನವೇ ಏರಿತು. ಮರುದಿನ ಕೋಲು ಹಿಡಿದು ತಾನೇ ಹೊಸ್ತಿಲು ದಾಟಿ ಮೀನಿನವಳ ಮುಂದೆ ಹೋಗಿ ನಿಂತಳು. "ಇಷ್ಟು ದಿನ ನಮ್ಮೆಜಮಾನ್ರನ್ನ ಸುಲಿದಿದ್ದೆಲ್ಲಾ ಇವತ್ತು ಕಕ್ಕಿಸ್ತೀನಿ" ಎಂದು ಶುರುಮಾಡಿದಳು. ಮೀನಿನವಳಿಗೂ ಎಷ್ಟು ಖುಷಿಯಾಯಿತೆಂದರೆ ಬೈದುಕೊಂಡೇ ಒಂದು ಮೀನು ಹೆಚ್ಚಿಗೆ ಹಾಕಿದಳು.

ಸೊಲ್ಹಿಗೆ ಕೊಟ್ಟ ಮಾತಿನಂತೆ ಶನಿವಾರ ಮೂವರೂ ಹ್ವಾಜಾಳ ಹೋಟೆಲಿಗೆ ಹೋದರು. ಮಾಲ್ಸುನ್ ಆ ಕಾವಲಿಯ ಮುಂದೆ ಕೂತು ಎರಡು ವರ್ಷವಾಗಿತ್ತು. ಪಾರ್ಸೆಲ್ಲಿನಲ್ಲಿ ತಣ್ಣಗೆ ಬರುತ್ತಿದ್ದ ಕೋಳಿ ಇಲ್ಲಿ ಚುರ್ರೆಂದು ಸದ್ದು ಮಾಡುತ್ತಾ ಹುರಿಯುತ್ತಿತ್ತು. ಅವಳು ಎರಡೂ ಕೈ ಕಾವಿಗೆ ಹಿಡಿದು ಕೂತಳು. ಹ್ವಾಜಾ ತಾನೇ ಬಂದು ಅವಳಿಗೆ ಏಪ್ರನ್ ಕಟ್ಟಿ, ಅಂದು ಕಪಾಟಿನಿಂದ ಬಿಚ್ಚಿಕೊಂಡು ಹೋಗಿದ್ದ ನೀಲಿ ಟೇಪಿನ ಆ ಕತ್ತರಿಯನ್ನೇ ದೊಕ್ಸುವಿನ ಕೈಗೆ ಕೊಟ್ಟಳು. "ನಿಮ್ಮ ಕತ್ತರಿ. ದುಡ್ಡು ಕೊಟ್ಟಿದ್ದೀರಿ."

"ಮನೆ ಮಾರಿದ್ದು ಯಾವುದು, ಅದನ್ನ ಹೇಳಿ ಈಗ," ಸೊಲ್ಹಿ ಬಾಯಿ ತುಂಬ ತುರುಕಿಕೊಂಡು ಕೇಳಿದಳು. "ನನ್ನ ಮೇಜಾ? ಈ ತುಕ್ಕು ಹಿಡಿದ ಕತ್ತರೀನಾ?"

"ಮೇಜು ಹುಡುಗೀನ ಕೂರಿಸ್ತು. ಕತ್ತರಿ ಅವಳಮ್ಮನ್ನ ಕೂರಿಸ್ತು" ಎಂದಳು ಮಾಲ್ಸುನ್. "ನೀನು ಇನ್ನೊಂದು ಮೇಜು ಮಾಡಿಸ್ಕೊ."

ಕೊನೆಗೆ ಕಾವಲಿಯಲ್ಲೇ ಅನ್ನ ಹುರಿಸಿಕೊಂಡು ತಿನ್ನುವ ಹೊತ್ತಿಗೆ ದೊಕ್ಸು ತಟ್ಟನೆ ಗೋಡೆಯ ಕಡೆ ತಿರುಗಿ ಕೂತ. ಅತ್ತ ಗಲ್ಲಾ ಬಳಿ ಹ್ವಾಜಾಳೂ ಎಲ್ಲರಿಗೂ ಬೆನ್ನು ಹಾಕಿ, ಮೂಲಂಗಿಯ ಪಾತ್ರೆಯನ್ನು ಬೇಕೆಂದೇ ಲೊಟಲೊಟ ಸದ್ದು ಮಾಡಿ ಕಲಕತೊಡಗಿದ್ದಳು.

"ಗೋಡೇಲಿ ಏನಿದೇರೀ?" ಎಂದಳು ಮಾಲ್ಸುನ್.

"ಏನಿಲ್ಲ. ನೀನೂ ಇತ್ಲಾಗೆ ತಿರುಗು."

ಮಾಲ್ಸುನ್ ಕತ್ತು ಹೊರಳಿಸಿ ನೋಡಿದಳು. ಬಾಗಿಲ ಬಳಿಯ ಮೇಜಿನಲ್ಲಿ ನಡುವಯಸ್ಸಿನವನೊಬ್ಬ ಒಬ್ಬನೇ ಕೂತು, ಬೆವರು ಒರೆಸಿಕೊಳ್ಳುತ್ತಾ, ಇಬ್ಬರ ಪಾಲಿನ ಕೋಳಿಯನ್ನು ಕಷ್ಟಪಟ್ಟು ಮುಗಿಸುತ್ತಿದ್ದ. ಅವನ ಎಡಗೈ ಕತ್ತರಿಯ ಕಡೆಗೆ ಮೆಲ್ಲನೆ ಸರಿಯುತ್ತಿತ್ತು.

ಅವಳು ತನ್ನ ಮಂಡಿಗಳನ್ನು ಒಂದಾದ ಮೇಲೊಂದರಂತೆ ಕೈಯಿಂದ ಎತ್ತಿ ತಿರುಗಿಸಿಕೊಂಡು, ಗಂಡನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂತಳು.

"ಎಷ್ಟನೇ ಮಹಡಿಯವನೋ, ಪಾಪ" ಎಂದಳು.